ದೊಡ್ಡಪ್ಪನ ಒಂದು ಹಿಡಿ

ನಮ್ಮ ದೊಡ್ಡಪ್ಪ ಕಳ್ಳರಾಗಿದ್ದರು. ಹೀಗೆಂದರೆ ಅರಸೀಕೆರೆಯ ನಮ್ಮ ಚರ್ಚಿನ ಸಭೆಯವರು ಇವತ್ತಿಗೂ ನನ್ನ ಮೇಲೆ ಏರಿ ಬರುತ್ತಾರೆ. ಆದರೆ ಅವರು ಯಾರೂ ದೊಡ್ಡಪ್ಪನ ಮನೆಯಲ್ಲಿ ವರ್ಷಗಟ್ಟಲೆ ಉಂಡವರಲ್ಲ; ನಾನು ಉಂಡವಳು. ಬೆಳಿಗ್ಗೆ ಸಂಜೆ ತಪ್ಪದೆ, ಸ್ವಂತ ಹೆಂಡತಿಯ ಅಡುಗೆಮನೆಗೆ ನುಗ್ಗಿ, ಆಕೆಯ ಕಣ್ಣೆದುರಿಗೇ ಅವರು ಕದಿಯುತ್ತಿದ್ದರು. ಕದ್ದ ಮೇಲೆ ಓಡಿಹೋಗುವುದು ಕಳ್ಳರ ಪದ್ಧತಿ. ದೊಡ್ಡಪ್ಪ ಓಡುತ್ತಿರಲಿಲ್ಲ. ಅಲ್ಲೇ ನಿಂತುಕೊಂಡು, ಕಳೆದುಕೊಂಡವರು ನಗುವವರೆಗೂ ಕಾಯುತ್ತಿದ್ದರು. ಇಂಥ ಕಳ್ಳರನ್ನು ನೀವು ಎಲ್ಲಾದರೂ ಕಂಡಿದ್ದೀರಾ?

ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕ್ರೈಸ್ತರಾದ ನಮ್ಮಲ್ಲಿ ಆಗ ಹಿಡಿ ಹಿಟ್ಟಿನ ಪದ್ಧತಿ ಎಂದೊಂದಿತ್ತು. ಅಡುಗೆಗೆ ರಾಗಿ ಹಿಟ್ಟನ್ನು ಅಳೆದುಕೊಂಡ ಕೂಡಲೇ ಮನೆಯಾಕೆ ಅದರಿಂದ ಒಂದು ಹಿಡಿ ತೆಗೆದು ದೇವರ ಕುಡಿಕೆಗೆ ಹಾಕಬೇಕು. ವಾರವೆಲ್ಲ ಕೂಡಿಬಿದ್ದದ್ದನ್ನು ಭಾನುವಾರ ಚರ್ಚಿಗೆ ಒಯ್ದು ಒಪ್ಪಿಸಬೇಕು. ಒಲೆ ಹತ್ತದ ಮನೆಗಳಿಗೆ ಅಯ್ಯನವರು, ಎಂದರೆ ನಮ್ಮ ಪಾದ್ರಿಗಳು, ಅದನ್ನು ಹಂಚುತ್ತಿದ್ದರು. ಬಹಳ ಒಳ್ಳೆಯ ಪದ್ಧತಿ. ಹೆಂಗಸರ ಕೈ ಚಿಕ್ಕದು, ಅದರಲ್ಲೂ ಅಳೆದ ಹಿಟ್ಟನ್ನು ವಾಪಸು ತೆಗೆಯುವಾಗ ಅದು ಇನ್ನೂ ಚಿಕ್ಕದಾಗುತ್ತದೆ. ಹೀಗಾಗಿ ದೇವರಿಗೂ ಮನೆಯವರಿಗೂ ಜಗಳವಿಲ್ಲದೆ ಎಲ್ಲ ಮನೆಗಳಲ್ಲೂ ಸುಸೂತ್ರವಾಗಿ ನಡೆದುಕೊಂಡು ಹೋಗುತ್ತಿತ್ತು.

ನಮ್ಮ ಮನೆ ಒಂದನ್ನು ಬಿಟ್ಟು. ಯಜಮಾನನಾದವನು ದೇವರ ಕೆಲಸವನ್ನು ಹೆಂಗಸಿನ ತಲೆಗೆ ಕಟ್ಟಿ ಕೂರಬಾರದೆಂದು ದೊಡ್ಡಪ್ಪ ಆ ಹಿಡಿಯನ್ನು ತಾವೇ ತೆಗೆಯುತ್ತಿದ್ದರು. ಇಲ್ಲೇ ಬಂದದ್ದು ತೊಂದರೆ. ಅವರು ಅರಸೀಕೆರೆ ಸ್ಟೇಷನ್ನಿನಲ್ಲಿ ಹಳಿ ಬದಲಾಯಿಸುವ ಸನ್ನೆಗೋಲುಗಳನ್ನು ಹಗಲೂ ರಾತ್ರಿ ಜಗ್ಗಿ ಜಗ್ಗಿ ಬೆಳೆಸಿಕೊಂಡಿದ್ದ ಕೈ ಅದು. ಬೆರಳು ಬಿಡಿಸಿ ಹಿಡಿದರೆ ಮೊರ. ಅದಕ್ಕೆ ತುಂಬಿದ್ದನ್ನು ಹಿಡಿ ಎಂದು ಕರೆಯುವುದು ಭಾಷೆಗೆ ಮಾಡುವ ಅನ್ಯಾಯ. ಮೊದಮೊದಲು ಹಿಟ್ಟು ತುಂಬಿದ ಅವರ ಮುಷ್ಟಿ ದೇವರ ಕುಡಿಕೆಯ ಬಾಯೊಳಗೆ ಇಳಿಯುತ್ತಲೇ ಇರಲಿಲ್ಲವಂತೆ. ಬೇರೆಯವರಾಗಿದ್ದರೆ ಮುಷ್ಟಿಯನ್ನು ಸಣ್ಣದು ಮಾಡಿಕೊಳ್ಳುತ್ತಿದ್ದರು. ದೊಡ್ಡಪ್ಪ ಸಂತೆಗೆ ಹೋಗಿ ಗಡಿಗೆ ತಂದರು.

ನಾನು ಊರಿನ ಹೆಣ್ಣುಮಕ್ಕಳ ಶಾಲೆಗೆ ಟೀಚರಾಗಿ ಬಂದು ಅವರ ಮನೆಯಲ್ಲಿ ಇಳಿದುಕೊಂಡಾಗ ಗಡಿಗೆಯ ಕಾಲ ನಡೆಯುತ್ತಿತ್ತು. ಒಬ್ಬಳೇ ಮಗಳನ್ನು ಮೈಸೂರಿಗೆ ಕೊಟ್ಟಿದ್ದರಿಂದ ಮನೆಯಲ್ಲಿ ನಾವು ಮೂವರೇ. ಮೂವರಿಗೆಂದು ಅಳೆದ ಹಿಟ್ಟಿನಲ್ಲಿ ದೊಡ್ಡಪ್ಪನ ಕೈ ಆಡಿತೆಂದರೆ ಉಳಿಯುತ್ತಿದ್ದದ್ದು ಇಬ್ಬರಿಗೆ. ಮತ್ತೆ ಅಳೆದುಕೊಳ್ಳಬಾರದೇ ಎಂದು ನೀವು ಕೇಳಬಹುದು. ನಾನೂ ಕೇಳಿದೆ. ನಮಗೆ ಏನೂ ಕಮ್ಮಿಯಾಗದಂತೆ ಕೊಟ್ಟರೆ ಅದು ಹೆಂಗೆ ಕೊಟ್ಟಂಗಾಯ್ತು ಎಂದು ದೊಡ್ಡಪ್ಪ ನನ್ನನ್ನೇ ತಿರುಗಿ ಕೇಳಿದರು. ಟೀಚರ್ ತರಬೇತಿಯಲ್ಲಿ ಇಂಥ ಪ್ರಶ್ನೆಗೆ ಉತ್ತರ ಹೇಳಿಕೊಟ್ಟಿರಲಿಲ್ಲ. ನಾನು ಊಟಪ್ರಿಯಳು, ಆಗಲೂ ಈಗಲೂ. ನಿಂಬೆಹಣ್ಣಿಗಿಂತ ಅಷ್ಟಿಷ್ಟು ದೊಡ್ಡದಾದ ಮುದ್ದೆಯನ್ನು ತಟ್ಟೆಯಲ್ಲಿ ನೋಡುತ್ತ ಇದ್ದಾಗ ನನಗೆ ದೇವರ ಮೇಲೆ ಬರುತ್ತಿದ್ದ ಕೋಪ ಅಷ್ಟಿಷ್ಟಲ್ಲ.

ಇಷ್ಟಾದರೂ ಸಹಿಸಬಹುದಿತ್ತು. ಒಂದು ಭಾನುವಾರ ಅಯ್ಯನವರು, ದೇವರಿಗೆ ಕೊಡುವುದನ್ನು ಮನಸ್ಸಾರೆ ಕೊಡಬೇಕು, ಮುಖ ಸಿಂಡರಿಸಿಕೊಂಡು ಕೊಟ್ಟದ್ದು ಅವನಿಗೆ ಬೇಡ ಎಂದು ಪ್ರಸಂಗ ಮಾಡಿದರು. ಚರ್ಚಿನಲ್ಲಿದ್ದ ಎಲ್ಲರೂ ಅದನ್ನು ಕೇಳಿ, ತಲೆಯಾಡಿಸಿ, ಅಲ್ಲೇ ಬಿಟ್ಟು ಮನೆಗೆ ಹೋದರು. ದೊಡ್ಡಪ್ಪ ಮಾತ್ರ ಅದನ್ನು ಮನೆಗೆ ತಂದರು.

ಅವತ್ತಿನ ಸಂಜೆ ಎಂದಿನಂತೆ ಹಿಡಿ ತೆಗೆದರು, ಗಡಿಗೆಯ ಮೇಲೆ ಹಿಡಿದರು, ದೊಡ್ಡಮ್ಮನ ಮುಖ ನೋಡಿದರು. ದೊಡ್ಡಮ್ಮನ ಮುಖ ಹೇಗಿದ್ದಿರಬೇಕೋ ಹಾಗೇ ಇತ್ತು. ದೊಡ್ಡಪ್ಪ ಹಿಟ್ಟನ್ನು ಪಾತ್ರೆಗೆ ವಾಪಸು ಸುರಿದರು.

"ಯಾಕ್ರೀ?" ಎಂದರು ದೊಡ್ಡಮ್ಮ. ಅವರ ಧ್ವನಿಯಲ್ಲಿ ಆಸೆ ಇತ್ತು.

"ಹಿಟ್ಟು ನಂದೂ ಹೌದು, ನಿಂದೂ ಹೌದು. ನನಗೆ ಮನಸೈತೆ, ನಿನಗಿಲ್ಲ. ನೀನು ನಗೋಗಂಟ ಇದು ದೇವರಿಗೆ ಮುಟ್ಟಾಕಿಲ್ಲ ಕಣೇ."

ಒಲೆಯ ಮೇಲೆ ಎಸರು ಕುದಿಯುತ್ತಿತ್ತು. ದೊಡ್ಡಮ್ಮನೂ ಕುದಿಯುತ್ತಿದ್ದರು. ಬಾಗಿಲ ಬಳಿ ನಾನು ಹಸಿದು ನಿಂತಿದ್ದೆ. ದೊಡ್ಡಪ್ಪ ಮಾತ್ರ ಸಿಗ್ನಲ್ ಬೀಳುವುದಕ್ಕೆ ಕಾದು ಅಭ್ಯಾಸವಾದವರು. ಅವರಿಗೆ ಯಾವ ಅವಸರವೂ ಇರಲಿಲ್ಲ. ಕೊನೆಗೆ ಎಸರು ಬತ್ತುತ್ತ ಬಂದಾಗ ದೊಡ್ಡಮ್ಮ ತುಟಿಗಳನ್ನು ಎರಡೂ ಕಡೆಗೆ ಎಳೆದರು. ಹಲ್ಲು ಕಂಡಿತು. ದೊಡ್ಡಪ್ಪ ಅದನ್ನು ಬೆಳಕಿಗೆ ಹಿಡಿದು ನೋಡುವವರಂತೆ ಸ್ವಲ್ಪ ಹೊತ್ತು ಪರೀಕ್ಷಿಸಿ, ಮೊದಲನೆಯ ದಿನವಾದ್ದರಿಂದ ನಡೆಯುತ್ತದೆ ಎಂದು ಒಪ್ಪಿಕೊಂಡರು.

ಅಂದಿನಿಂದ ಆ ನಗು ನಮ್ಮ ಅಡುಗೆಯ ಒಂದು ಸಾಮಾನಾಯಿತು. ದೊಡ್ಡಮ್ಮ ಹಿಟ್ಟು ಅಳೆಯುತ್ತಿದ್ದಂತೆಯೇ ಅದನ್ನು ಹಚ್ಚಿಕೊಳ್ಳುತ್ತಿದ್ದರು, ಹಿಡಿ ಗಡಿಗೆಗೆ ಬಿದ್ದ ಕೂಡಲೇ ತೆಗೆದಿಡುತ್ತಿದ್ದರು. ಒಮ್ಮೆ ಬಾಣಾವರದಿಂದ ಅವರ ಅಣ್ಣ ಬಂದಿದ್ದರು. ತಂಗಿ ಬರಿಯ ಹಿಟ್ಟಿನ ಪಾತ್ರೆಯ ಮುಂದೆ ಕೂತು ಹಲ್ಲು ಕಿರಿಯುತ್ತಿರುವುದನ್ನು ಅವರು ಬೆಳಿಗ್ಗೆಯೂ ಕಂಡರು, ಸಂಜೆಯೂ ಕಂಡರು. ಮಾರನೆಯ ದಿನ ನನ್ನನ್ನು ಹಿತ್ತಲಿಗೆ ಕರೆದು, ಇದು ಎಷ್ಟು ದಿನದಿಂದ ಹಿಂಗೈತೆ, ಡಾಕ್ಟರಿಗೆ ತೋರಿಸಿದ್ರಾ ಎಂದು ಪಿಸುಗುಟ್ಟಿದರು. ಇದು ದೊಡ್ಡಪ್ಪನ ಭಕ್ತಿ ಎಂದು ನಾನು ವಿವರಿಸಿದೆ. ಅವರು ಮಧ್ಯಾಹ್ನದ ರೈಲಿಗೇ ಹೊರಟುಹೋದರು, ಊಟಕ್ಕೂ ನಿಲ್ಲಲಿಲ್ಲ. ನಿಂತಿದ್ದರೂ ಹೆಚ್ಚೇನೂ ಸಿಗುತ್ತಿರಲಿಲ್ಲ ಬಿಡಿ.

ಮನಸ್ಸಾರೆ ಸೇವೆ ಮಾಡುವವರಿಗೆ ಒಂದು ಕಷ್ಟವಿದೆ, ಅದು ಬೇಕಾದ ಕಡೆ ನಿಲ್ಲುವುದಿಲ್ಲ. ಕ್ರಿಸ್ಮಸ್ ಬಂತೆಂದರೆ ಚರ್ಚಿಗೆ ಸುಣ್ಣ ಹೊಡೆಯುವ ಕೆಲಸ ದೊಡ್ಡಪ್ಪನದು. ಯಾರೂ ಹೇಳದಿದ್ದರೂ ಸುಣ್ಣ ಕಲಸಿ, ಏಣಿ ಹಾಕಿ, ಒಬ್ಬರೇ ಮುಗಿಸುತ್ತಿದ್ದರು. ಒಂದು ವರ್ಷ ಅರ್ಧ ಡ್ರಮ್ಮು ಸುಣ್ಣ ಮಿಕ್ಕಿತು. ದೇವರ ಹೆಸರಿನಲ್ಲಿ ಕಲಸಿದ್ದನ್ನು ಚೆಲ್ಲುವುದುಂಟೇ? ಪಕ್ಕದ ಮನೆಯ ಗೌಡರ ದನದ ಕೊಟ್ಟಿಗೆಗೆ ಒಳಗೂ ಹೊರಗೂ ಹೊಡೆದುಬಿಟ್ಟರು. ಸಂಜೆ ಮೇದು ಬಂದ ಹಸು ತನ್ನ ಕೊಟ್ಟಿಗೆಯ ಗುರುತು ಸಿಗದೆ ಬೀದಿಯಲ್ಲೇ ನಿಂತುಕೊಂಡಿತು. ಏನು ಮಾಡಿದರೂ ಒಳಗೆ ಹೋಗದು. ಗೌಡರು ಬಂದು ಬಹಳ ಮರ್ಯಾದೆಯಿಂದಲೇ, ಯಾಕೆ ಸ್ವಾಮಿ ಹಿಂಗೆ ಮಾಡಿದ್ರಿ ಎಂದು ಕೇಳಿದರು.

"ನಿಮ್ಮ ಹಸುಗೂ ಹಬ್ಬ ಆಗ್ಲಿ ಅಂತ," ಎಂದರು ದೊಡ್ಡಪ್ಪ.

ಮಾರನೆಯ ಹಬ್ಬದ ದಿನವೆಲ್ಲ ಗೌಡರೂ ದೊಡ್ಡಪ್ಪನೂ ಸೇರಿ, ಹಳೆಯ ವಾಸನೆ ಬರಲೆಂದು, ಕೊಟ್ಟಿಗೆಯ ಬಾಗಿಲಿಗೆ ಸಗಣಿ ಬಳಿದರು. ಹಸು ಆಮೇಲೆ ಒಳಗೆ ಹೋಯಿತು.

ಬಿಕ್ಕೋಡಿನ ಕಡೆ ಕಾಫಿ ತೋಟಗಳಲ್ಲಿ ದುಡಿಯುವ ನಮ್ಮವರು ಕೆಲವರಿದ್ದರು. ಅವರಿಗೆ ಪ್ರಾರ್ಥನೆ ನಡೆಸಿಕೊಡಲು ಆಗಾಗ ಯಾರಾದರೂ ಹೋಗಬೇಕಿತ್ತು. ಯಾರು ಹೋಗುತ್ತೀರಿ ಎಂದು ಅಯ್ಯನವರು ಕೇಳುವಷ್ಟರಲ್ಲಿ ದೊಡ್ಡಪ್ಪನ ಕೈ ಮೇಲೆದ್ದಿರುತ್ತಿತ್ತು. ಆ ಕೈ ಎದ್ದರೆ ಹಿಂದಿನವರದು ಕಾಣಿಸುತ್ತಲೂ ಇರಲಿಲ್ಲ. ಒಂದು ಸಲ ರಜೆಯೆಂದು ನಾನೂ ಜೊತೆಗೆ ಹೊರಟೆ. ಯುದ್ಧದ ಕಾಲ, ಪೆಟ್ರೋಲ್ ಇಲ್ಲದೆ ಬಸ್ಸುಗಳ ಹಿಂದೆ ಒಲೆ ಕಟ್ಟಿ ಇದ್ದಿಲು ಉರಿಸಿ ಓಡಿಸುತ್ತಿದ್ದರು. ಹಳೇಬೀಡು ದಾಟಿ ಬೇಲೂರಿನವರೆಗೆ ಹೇಗೋ ಬಂತು. ಅಲ್ಲಿಂದ ಮುಂದಿನ ಒಂದು ಏರಿನಲ್ಲಿ ಬಸ್ಸು ನಿಟ್ಟುಸಿರು ಬಿಟ್ಟು ನಿಂತಿತು. ಇಳಿದು ತಳ್ಳಿ ಎಂದ ಡ್ರೈವರು. ಎಲ್ಲರೂ ಗೊಣಗುತ್ತ ಇಳಿದು ಬಸ್ಸಿಗೆ ಹೆಗಲು ಕೊಟ್ಟರು. ಬಸ್ಸು ಇನ್ನೇನು ಅಲುಗುವುದರಲ್ಲಿತ್ತು. ಆಗ ದೊಡ್ಡಪ್ಪ ಎಲ್ಲರನ್ನೂ ನಿಲ್ಲಿಸಿದರು.

"ನೋಡ್ರಪ್ಪ, ದೇವರ ಕೆಲಸಕ್ಕೆ ಹೋಗ್ತಾ ಇರೋ ಬಸ್ಸಿದು. ಮನಸಿಲ್ದೆ ಯಾರೂ ತಳ್ಳಬ್ಯಾಡಿ. ಮನಸಿಲ್ದೋರು ಹತ್ತಿ ಕೂತ್ಕಳ್ಳಿ."

ಇಷ್ಟು ಸುಲಭವಾಗಿ ಜನ ಒಂದು ಮಾತನ್ನು ಕೇಳಿದ್ದನ್ನು ನಾನು ಜೀವಮಾನದಲ್ಲಿ ನೋಡಿಲ್ಲ. ಎಲ್ಲರೂ ಹತ್ತಿ ಕೂತರು. ಬುಟ್ಟಿಗಳನ್ನೂ ಕೋಳಿಗಳನ್ನೂ ಮೇಲಕ್ಕೆ ಎಳೆದುಕೊಂಡರು. ರಸ್ತೆಯ ಮೇಲೆ ಉಳಿದವರು ದೊಡ್ಡಪ್ಪ ಮತ್ತು, ಬೇರೆ ದಾರಿ ಇಲ್ಲದ್ದರಿಂದ, ನಾನು. ತುಂಬಿದ ಬಸ್ಸಿಗೆ ಆ ಮೊರದಂಥ ಕೈಗಳನ್ನು ಒತ್ತಿ ಅವರು ತಳ್ಳತೊಡಗಿದರು. ಕತ್ತಿನ ನರಗಳು ಉಬ್ಬಿದವು, ಕಾಲು ಜಾರಿತು, ಬಸ್ಸು ಜಪ್ಪಯ್ಯ ಎನ್ನಲಿಲ್ಲ. ಅವರ ಮುಖದಲ್ಲಿ ಮಾತ್ರ ಸಂತೋಷವೋ ಸಂತೋಷ. ಕೊನೆಗೆ ಒಳಗಿದ್ದ ಒಬ್ಬ ಮುದುಕ, ಈ ಮನುಷ್ಯ ಸತ್ತರೆ ನಮ್ಮ ತಲೆಗೆ ಬರುತ್ತದೆ ಎಂದು ಇಳಿದ. ಅವನನ್ನು ನೋಡಿ ಇನ್ನೊಬ್ಬ ಇಳಿದ. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ನಗುತ್ತ ಇಳಿದರು. ನಗು ಬಂದ ಮೇಲೆ ದೊಡ್ಡಪ್ಪನಿಗೆ ಇನ್ನೇನು ಬೇಕು? ಬಸ್ಸು ಏರು ಹತ್ತಿತು. ಬಿಕ್ಕೋಡು ಮುಟ್ಟುವಾಗ ಸಂಜೆಯಾಗಿತ್ತು, ಪ್ರಾರ್ಥನೆಗೆ ಬಂದವರು ಕಾದು ಕಾದು ಮನೆಗೆ ಹೋಗಿದ್ದರು. ದೊಡ್ಡಪ್ಪ ಕೂಲಿಯವರ ಸಾಲುಮನೆಗಳಲ್ಲಿ ಒಂದೊಂದಕ್ಕೂ ಹೋಗಿ ಪ್ರಾರ್ಥನೆ ಮಾಡಿಸಿ ಬಂದರು.

ಯುದ್ಧ ಜೋರಾದಂತೆ ರಾಗಿಗೂ ರೇಷನ್ ಬಂತು. ಮನೆಯಲ್ಲಿ ಎಷ್ಟು ತಲೆಯೋ ಅಷ್ಟಕ್ಕೇ ಅಳೆದು ಕೊಡುತ್ತಿದ್ದರು. ಇನ್ನಾದರೂ ಆ ಮುಷ್ಟಿ ಸಣ್ಣದಾಗುತ್ತದೆ ಎಂದು ದೊಡ್ಡಮ್ಮ ಒಳಗೊಳಗೇ ಆಸೆ ಇಟ್ಟುಕೊಂಡಿದ್ದರು. ನಮಗೇ ಕಮ್ಮಿ ಆದ ಮೇಲೆ ಇಲ್ಲದವರಿಗೆ ಇನ್ನೆಷ್ಟು ಕಮ್ಮಿ ಆಗಿರಬೇಕು ಎಂದು ದೊಡ್ಡಪ್ಪ ಲೆಕ್ಕ ಹಾಕಿದರು. ಮುಷ್ಟಿ ಇನ್ನಷ್ಟು ಬೆಳೆಯಿತು. ದೊಡ್ಡಮ್ಮನ ಕಣ್ಣಲ್ಲಿ ನೀರು ಬಂದದ್ದನ್ನು ಕಂಡು ಅವರಿಗೂ ಸಂಕಟವಾಗಿರಬೇಕು, ಮಾರನೆಯ ದಿನ ತಾಲ್ಲೂಕು ಕಚೇರಿಗೆ ಹೋಗಿ ನಮ್ಮ ಮನೆಯ ರೇಷನ್ ಚೀಟಿಯಲ್ಲಿ ಇನ್ನೊಂದು ಹೆಸರು ಸೇರಿಸಿಕೊಡಬೇಕೆಂದು ಕೇಳಿದರು. ಅಲ್ಲಿನ ಗುಮಾಸ್ತರು ವಯಸ್ಸಾದವರು, ಹಣೆಗೆ ನಾಮ ಇಟ್ಟವರು. ಯಾರ ಹೆಸರು ಎಂದರು. ದೇವರದು ಎಂದರು ದೊಡ್ಡಪ್ಪ.

ಗುಮಾಸ್ತರು ಕನ್ನಡಕ ತೆಗೆದು ಒರೆಸಿಕೊಂಡರಂತೆ. "ಆಗೋದಿಲ್ಲಪ್ಪ. ಇವತ್ತು ನಿಮ್ಮವರೊಬ್ಬರಿಗೆ ಬರೆದುಕೊಟ್ಟೆ ಅನ್ನಿ, ನಾಳೆ ಬೇಲೂರಿಂದ ಹಳೇಬೀಡಿಂದ ಅಷ್ಟೂ ಜನ ಇಳಿದು ಬಂದು ಇಲ್ಲಿ ಸಾಲು ನಿಲ್ತಾರೆ. ಆ ಗುಡಿಗಳ ಗೋಡೆ ಮೇಲೆ ಎಷ್ಟು ಜನ ಇದ್ದಾರೆ, ನೋಡಿದೀರಾ?"

ದೊಡ್ಡಪ್ಪ ನೋಡಿದ್ದರು. ಯೋಚಿಸಿದರು. ಮನೆಗೆ ಬಂದು, ಅವರು ಹೇಳೋದೂ ಸರಿಯಾಗೈತೆ, ಅಷ್ಟು ಜನಕ್ಕೆ ಸರ್ಕಾರ ಎಲ್ಲಿಂದ ತಂದು ಹಾಕೀತು ಎಂದು ಗುಮಾಸ್ತರ ಪರವಾಗಿಯೇ ವಾದಿಸಿದರು. ನಮ್ಮ ಮುದ್ದೆಗಳು ನಿಂಬೆಹಣ್ಣಿಗೆ ಸರಿಸಮವಾದವು.

ಹೀಗೆ ನಗುತ್ತ, ನಗಿಸುತ್ತ, ಹಸಿಯುತ್ತ ನಡೆದಿತ್ತು. ಯುದ್ಧ ಮುಗಿದ ವರ್ಷ ಒಂದು ಶನಿವಾರ ದೊಡ್ಡಪ್ಪ ಎಂದಿನಂತೆ ಚರ್ಚಿನ ಕಸ ಗುಡಿಸಲು ಹೋದವರು ಪೊರಕೆ ಹಿಡಿದುಕೊಂಡೇ ಬಿದ್ದರು. ಗೌಡರು ತಮ್ಮ ಗಾಡಿ ಕಟ್ಟಿ ಮನೆಗೆ ತಂದು ಮಲಗಿಸಿದರು. ಲಕ್ವ ಹೊಡೆದಿತ್ತು. ಬಲಗಡೆ ಪೂರ್ತಿ ಹೋಗಿತ್ತು, ಬಾಯಿ ಒಂದು ಕಡೆಗೆ ವಾಲಿತ್ತು, ಮಾತಿರಲಿಲ್ಲ. ಆ ದೊಡ್ಡ ಕೈ ಬೆರಳು ಮಡಿಸಿಕೊಂಡು ಎದೆಯ ಮೇಲೆ ಬಿದ್ದಿತ್ತು. ಅದನ್ನು ನೋಡಲು ನನ್ನ ಕೈಲಿ ಆಗಲಿಲ್ಲ.

ದೊಡ್ಡಮ್ಮ ಅಳಲಿಲ್ಲ. ಅವತ್ತು ಸಂಜೆ ಒಲೆ ಹತ್ತಿಸಿ ಹಿಟ್ಟು ಅಳೆದುಕೊಂಡರು. ಗಡಿಗೆಯ ಕಡೆ ನೋಡಿದರು. ಅದನ್ನು ಎತ್ತಿಕೊಂಡು ಹೋಗಿ ಅಡುಗೆಮನೆಯ ಮೂಲೆಯಲ್ಲಿ ಬೋರಲು ಹಾಕಿದರು.

ಅಯ್ಯನವರು ನೋಡಲು ಬಂದರು, ಪ್ರಾರ್ಥನೆ ಮಾಡಿದರು. ಬೋರಲು ಬಿದ್ದ ಗಡಿಗೆ ಅವರ ಕಣ್ಣಿಗೆ ಬಿತ್ತು. ಅವರು ಏನೂ ಅನ್ನದಿದ್ದರೂ ದೊಡ್ಡಮ್ಮನೇ ಬಾಯಿಬಿಟ್ಟರು. "ಅವನ ಮನೆ ಕಸ ಗುಡಿಸ್ತಿದ್ದೋರನ್ನ ಅಲ್ಲೇ ಕೆಡವಿದ. ಕೊಟ್ಟ ಕೈಯನ್ನೇ ನೋಡಿ ತಗೊಂಡ. ಎಡಗೈ ಇರಲಿಲ್ವಾ ಅಯ್ಯನೋರೇ?" ಅಯ್ಯನವರು ಬೈಬಲನ್ನು ಮುಚ್ಚಿ ಕಂಕುಳಲ್ಲಿಟ್ಟುಕೊಂಡು ಎದ್ದು ಹೋದರು. ನನಗೆ ಅವರ ಮೇಲೆ ಗೌರವ ಹುಟ್ಟಿದ್ದು ಅವತ್ತು.

ದೊಡ್ಡಪ್ಪನನ್ನು ಅಡುಗೆಮನೆ ಕಾಣುವಂತೆ ನಡುಮನೆಯಲ್ಲಿ ಮಲಗಿಸಿದ್ದೆವು. ಹಿಟ್ಟು ಅಳೆಯುವ ಸದ್ದಾದರೆ ಸಾಕು, ಅವರ ಕಣ್ಣು ಮೊದಲು ದೊಡ್ಡಮ್ಮನ ಕಡೆ, ಆಮೇಲೆ ಮೂಲೆಯ ಕಡೆ ಹೋಗುತ್ತಿತ್ತು. ದಿನವೂ ಹೀಗೆ. ಒಂದು ದಿನ ದೊಡ್ಡಮ್ಮ ಅಲ್ಲಿಂದಲೇ ಉತ್ತರ ಕೊಟ್ಟರು.

"ಹಂಗೆ ನೋಡಬೇಡಿ. ಮನಸಿಲ್ದೆ ಕೊಟ್ಟಿದ್ದು ಮುಟ್ಟಾಕಿಲ್ಲ ಅಂದೋರು ನೀವೇ. ನನಗೆ ಮನಸಿಲ್ಲ."

ಎಷ್ಟು ವರ್ಷ ನಾನು ಕನಸು ಕಂಡಿದ್ದ ದೊಡ್ಡ ಮುದ್ದೆ ಈಗ ತಟ್ಟೆಗೆ ಬಂದಿತ್ತು, ಇಡೀ ಮುದ್ದೆ, ಬಿಸಿಬಿಸಿ, ಕೈತುಂಬ. ನಾನು ಅದನ್ನು ಮುರಿದು ಮುರಿದು ತಟ್ಟೆಯಲ್ಲೇ ಬಿಟ್ಟು ಏಳುತ್ತಿದ್ದೆ. ದೊಡ್ಡಮ್ಮನೂ ತಮ್ಮದನ್ನು ಅರ್ಧ ತಿಂದು ಗೌಡರ ಹಸುವಿಗೆ ಹಾಕುತ್ತಿದ್ದರು. ಅಂಬಲಿ ಕುಡಿಸಲು ಹೋದರೆ ದೊಡ್ಡಪ್ಪ ಬಾಯಿ ಮುಚ್ಚಿಕೊಳ್ಳುತ್ತಿದ್ದರು. ಇವರಿಬ್ಬರಲ್ಲಿ ಒಬ್ಬರು ಸೋಲದಿದ್ದರೆ ದೊಡ್ಡಪ್ಪ ಉಳಿಯುವುದಿಲ್ಲ ಎಂದು ನಾನು ಹೆದರಿದ್ದೆ.

ಒಂದು ಸಂಜೆ ದೊಡ್ಡಮ್ಮ ಹಿಟ್ಟು ಅಳೆದಿಟ್ಟು, ಎಸರಿಗೆ ನೀರು ತರಲು ಹಿತ್ತಲಿಗೆ ಹೋಗಿದ್ದರು. ಜಗುಲಿಯಲ್ಲಿದ್ದ ನಾನು ಒಳಗೆ ಏನೋ ಎಳೆದಂಥ ಸದ್ದು ಕೇಳಿ ಎದ್ದು ಹೋದೆ. ದೊಡ್ಡಪ್ಪ ಹಾಸಿಗೆಯಲ್ಲಿ ಇರಲಿಲ್ಲ. ಕುಂಡಿಯ ಮೇಲೆ ತೆವಳಿಕೊಂಡು ಅಡುಗೆಮನೆಗೆ ಹೋಗಿ, ಗಡಿಗೆಯನ್ನು ನೆಟ್ಟಗೆ ಮಾಡಿ, ಎಡಗೈಯಲ್ಲಿ ಹಿಟ್ಟು ತೆಗೆಯುತ್ತಿದ್ದರು. ಆ ಕೈಗೆ ಅದು ಅಭ್ಯಾಸವಿಲ್ಲದ ಕೆಲಸ. ಗಡಿಗೆಗೆ ಬೀಳುವುದಕ್ಕಿಂತ ನೆಲಕ್ಕೆ ಚೆಲ್ಲಿದ್ದೇ ಹೆಚ್ಚು. ಮತ್ತೆ ತೆಗೆಯುತ್ತಿದ್ದರು.

ಹಿತ್ತಲ ಬಾಗಿಲಲ್ಲಿ ದೊಡ್ಡಮ್ಮ ಬಿಂದಿಗೆ ಹೊತ್ತು ನಿಂತಿದ್ದರು. ಇನ್ನು ಬೈಗುಳ ಶುರುವಾಗುತ್ತದೆ ಎಂದುಕೊಂಡೆ. ಅವರು ಬಿಂದಿಗೆ ಇಳಿಸಿ, ಬಂದು ದೊಡ್ಡಪ್ಪನ ಪಕ್ಕದಲ್ಲಿ ಕೂತರು. ಮಡಿಲಲ್ಲಿ ಬಿದ್ದಿದ್ದ ಅವರ ಬಲಗೈಯನ್ನು ಎತ್ತಿಕೊಂಡರು. ಮಡಿಸಿಹೋದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು. ಆಮೇಲೆ ಅದಕ್ಕೆ ಹಿಟ್ಟು ತುಂಬಿದರು. ಮೊರ, ಸಲಿಕೆ, ಹಾಳು ಕೈ ಎಂದು ಮದುವೆಯಾದಂದಿನಿಂದ ಬೈದಿದ್ದ ಕೈಗೆ ತುಂಬಿ, ಒತ್ತಿ, ಮೇಲೆ ಇನ್ನಷ್ಟು ಗೋಪುರ ಮಾಡಿ ತುಂಬಿದರು. ತಮ್ಮ ಎರಡೂ ಕೈಗಳನ್ನು ಕೆಳಗೆ ಕೊಟ್ಟು ಗಡಿಗೆಯವರೆಗೆ ಒಯ್ದು ಸುರಿದರು. ಅವರ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು.

ದೊಡ್ಡಪ್ಪ ಆ ಮುಖವನ್ನೇ ನೋಡುತ್ತಿದ್ದರು. ಆಮೇಲೆ ಎಡಗೈಯಿಂದ ಗಡಿಗೆಯನ್ನು ಹತ್ತಿರಕ್ಕೆ ಎಳೆದುಕೊಂಡು, ಬಗ್ಗಿಸಿ, ಬಿದ್ದ ಹಿಟ್ಟನ್ನೆಲ್ಲ ಪಾತ್ರೆಗೆ ವಾಪಸು ಸುರಿದುಬಿಟ್ಟರು.

ದೊಡ್ಡಮ್ಮ ಖಾಲಿ ಗಡಿಗೆಯನ್ನು ನೋಡಿದರು, ಅವರನ್ನು ನೋಡಿದರು. "ಅಯ್ಯೋ ನಿಮ್ಮ," ಎಂದರು, "ಈ ಗತಿಯಲ್ಲೂ ಬಿಡಲ್ವಲ್ಲ ನೀವು..." ಅಷ್ಟೇ, ಅವರಿಗೆ ನಗು ಬಂದುಬಿಟ್ಟಿತು. ಅಳುತ್ತ ಅಳುತ್ತಲೇ ಹೊಟ್ಟೆ ಹಿಡಿದುಕೊಂಡು ನಕ್ಕರು. ಇಷ್ಟು ವರ್ಷ ತುಟಿ ಎಳೆದು ತೋರಿಸುತ್ತಿದ್ದ ಆ ಅಡುಗೆಮನೆಯ ನಗುವಲ್ಲ. ನಾನು ಅವರ ಮನೆಗೆ ಬಂದ ಮೇಲೆ ಮೊದಲ ಸಲ ಕೇಳಿದ ನಗು. ದೊಡ್ಡಪ್ಪನ ವಾಲಿದ ಬಾಯಿಯಲ್ಲಿ ಅವರೂ ನಕ್ಕರೋ ಇಲ್ಲವೋ ನನಗೆ ತಿಳಿಯಲಿಲ್ಲ. ದೊಡ್ಡಮ್ಮನಿಗೆ ತಿಳಿದಿರಬೇಕು. ಸೆರಗಿನಿಂದ ಕಣ್ಣೊರೆಸಿಕೊಂಡು, ಆ ಕೈಯನ್ನು ಮತ್ತೆ ಬಿಡಿಸಿ, ಮತ್ತೆ ಗೋಪುರ ತುಂಬಿದರು. ಈ ಸಲ ಯಾರೂ ವಾಪಸು ಸುರಿಯಲಿಲ್ಲ.

ಅವತ್ತು ದೊಡ್ಡಪ್ಪ ಅಂಬಲಿ ಪೂರ್ತಿ ಕುಡಿದರು. ನನ್ನ ತಟ್ಟೆಗೆ ಬಂದ ಮುದ್ದೆ ನಿಂಬೆಹಣ್ಣಿಗಿಂತ ಚಿಕ್ಕದಿತ್ತು. ಅದನ್ನು ಉಂಡು ಕೈ ತೊಳೆದಾಗ ನನಗೆ ಹೊಟ್ಟೆ ತುಂಬಿತ್ತು.